ಜನರಲ್ ತಿಮ್ಮಯ್ಯನವರು ಮತ್ತು ಅವರ ಸಿಂಹದ ಪಲ್ಟನ್

(ಹಳೆಯ ವಿದ್ಯಾರ್ಥಿ, 1981ರ ಎಸ್.ಎಸ್.ಎಲ್.ಸಿ. ತಂಡ, ನಿವೃತ್ತ ಸುಬೇದಾರ್)

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಹೆಚ್ಚು ಯೋಚಿಸಬೇಕಾಗಿ ಬರಲಿಲ್ಲ. ಈ ಶಾಲೆಯಲ್ಲಿ ಓದಿ ಸೈನ್ಯಕ್ಕೆ ಸೇರಿದವರು ನಾವು ಹಲವರಿದ್ದೇವೆ. ನಾನು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ, ಅಂದರೆ ಜನ ಎಂ.ಇ.ಜಿ. ಎಂದು ಕರೆಯುವ ಪಡೆಯಲ್ಲಿ, 24 ವರ್ಷ ದುಡಿದವನು. ನಮ್ಮೂರಿನಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲು ಸಿಗುವ ಮಡಿಕೇರಿಯಲ್ಲಿ ಹುಟ್ಟಿ, ಭಾರತದ ಸೇನೆಯ ಅತ್ಯುನ್ನತ ಹುದ್ದೆಗೆ ಏರಿ, ದೂರದ ಸೈಪ್ರಸ್ ದ್ವೀಪದಲ್ಲಿ ಕರ್ತವ್ಯದಲ್ಲಿರುವಾಗಲೇ ಕಣ್ಣುಮುಚ್ಚಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಬಗ್ಗೆ ಬರೆಯಬೇಕೆಂದು ನಿಶ್ಚಯಿಸಿದೆ.

ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತು. ಮಡಿಕೇರಿಯ ವೃತ್ತದಲ್ಲಿ ಅವರ ಪ್ರತಿಮೆಯನ್ನು ನೋಡಿರುತ್ತಾರೆ. ಆದರೆ ಅವರನ್ನು ಬೆಳೆಸಿದ ಪಲ್ಟನ್ ಯಾವುದು, ಅದರ ಟೋಪಿಯ ಮೇಲಿನ ಲಾಂಛನ ಏನು, ಆ ಲಾಂಛನದ ಹಿಂದೆ ಇರುವ ಇನ್ನೂರು ವರ್ಷಗಳ ಕಥೆ ಯಾವುದು ಎಂಬುದು ಬಹಳ ಜನಕ್ಕೆ ತಿಳಿಯದು. ಸೈನಿಕನ ಜೀವನವನ್ನು ಅವನ ಪಲ್ಟನ್ನಿನಿಂದ ಬೇರೆ ಮಾಡಿ ಹೇಳಲಾಗದು. ಆದುದರಿಂದ ಎರಡನ್ನೂ ಒಟ್ಟಿಗೆ ಹೇಳುತ್ತೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚ್ ತಿಂಗಳ ಕೊನೆಯಲ್ಲಿ, ಮಡಿಕೇರಿಯಲ್ಲಿ. ಕಾಫಿ ತೋಟವಿದ್ದ ಅನುಕೂಲಸ್ಥ ಕೊಡವ ಮನೆತನ. ತಾಯಿ ಸಮಾಜಸೇವೆಗಾಗಿ ಅಂದಿನ ಸರ್ಕಾರದ ಕೈಸರ್-ಇ-ಹಿಂದ್ ಪದಕ ಪಡೆದವರು. ಮನೆಯ ಮೂವರು ಗಂಡುಮಕ್ಕಳೂ ಮುಂದೆ ಸೇನಾಧಿಕಾರಿಗಳಾದರು. ಎಂಟು ವರ್ಷದ ಹುಡುಗನನ್ನು ಕೂನೂರಿನ ಸೇಂಟ್ ಜೋಸೆಫ್ಸ್ ಶಾಲೆಗೆ ಕಳುಹಿಸಿದರು. ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ. 1922ರಲ್ಲಿ ಡೆಹ್ರಾಡೂನಿನಲ್ಲಿ ಭಾರತೀಯ ಹುಡುಗರನ್ನು ಸೇನಾಧಿಕಾರಿಗಳಾಗಲು ಸಿದ್ಧಗೊಳಿಸುವ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು ಆರಂಭವಾಯಿತು. ಅಲ್ಲಿನ ಮೊದಮೊದಲ ತಂಡಗಳಲ್ಲಿ ತಿಮ್ಮಯ್ಯನವರೂ ಇದ್ದರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿಗೆ ಆಯ್ಕೆಯಾದ ಬೆರಳೆಣಿಕೆಯ ಭಾರತೀಯರಲ್ಲಿ ಒಬ್ಬರಾಗಿ ಹೋಗಿ, 1926ರ ಫೆಬ್ರುವರಿಯಲ್ಲಿ ಅಧಿಕಾರಿಯಾಗಿ ಹೊರಬಂದರು. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಆ ಕಾಲದ ರೂಢಿಯಂತೆ ಮೊದಲು ಬೆಂಗಳೂರಿನಲ್ಲಿದ್ದ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎಂಬ ಬ್ರಿಟಿಷ್ ಪಲ್ಟನ್ನಿನಲ್ಲಿ ಕೆಲಕಾಲ ಇದ್ದು ಕೆಲಸ ಕಲಿತರು. ಆಮೇಲೆ ಅವರಿಗೆ ತಮ್ಮದೆನ್ನುವ ಪಲ್ಟನ್ ಸಿಕ್ಕಿತು. ಅದು 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್. ಇಂದು ನಾವು ಕುಮಾಊಂ ರೆಜಿಮೆಂಟ್ ಎಂದು ಕರೆಯುವುದು ಇದನ್ನೇ.

ಪಲ್ಟನ್ನಿನ ಹುಟ್ಟು, ಲಾಂಛನದ ಅರ್ಥ

ಹಿಮಾಲಯದ ಕುಮಾಊಂ ಬೆಟ್ಟಗಳ ಹೆಸರು ಹೊತ್ತ ಪಡೆಗೆ ಹೈದರಾಬಾದಿನ ನಂಟು ಎಲ್ಲಿಂದ ಬಂತು? ಇದಕ್ಕೆ ಉತ್ತರ ನಮ್ಮ ದಖ್ಖನ್ನಿನಲ್ಲೇ ಇದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಹೈದರಾಬಾದಿನ ನಿಜಾಮರ ಆಸ್ಥಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯಾಗಿ ಹೆನ್ರಿ ರಸೆಲ್ ಎಂಬ ರೆಸಿಡೆಂಟ್ ಇದ್ದನು. 1813ರಲ್ಲಿ ಅವನು ನಿಜಾಮರ ಖರ್ಚಿನಲ್ಲಿ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಶಿಸ್ತಿನ ಪದಾತಿ ದಳವೊಂದನ್ನು ಕಟ್ಟಿದನು. ಜನ ಅದನ್ನು ರಸೆಲ್ ಬ್ರಿಗೇಡ್ ಎಂದು ಕರೆದರು. ಬೇರಾರಿನ ಎಲಿಚ್‌ಪುರದ ನವಾಬ ಸಲಾಬತ್ ಖಾನ್ ಇನ್ನೂ ಹಿಂದೆ, 1788ರಲ್ಲಿ, ಕಟ್ಟಿದ್ದ ದಳವೂ ಮುಂದೆ ಇದೇ ಹೊಳೆಗೆ ಬಂದು ಸೇರಿತು. ತಿಮ್ಮಯ್ಯನವರ 4ನೇ ಬೆಟಾಲಿಯನ್ ತನ್ನ ಮೂಲವನ್ನು ಹೇಳಿಕೊಳ್ಳುವುದು ಆ 1788ರಿಂದ.

ಇವೆಲ್ಲ ಕೂಡಿ ಹೈದರಾಬಾದ್ ಕಂಟಿಂಜೆಂಟ್ ಎನಿಸಿಕೊಂಡವು. ಇದರ ಸಂಬಳದ ಹೊರೆಗೆಂದೇ 1853ರ ಒಪ್ಪಂದದಲ್ಲಿ ನಿಜಾಮರು ಬೇರಾರ್ ಪ್ರಾಂತವನ್ನು ಕಂಪನಿಯ ಕೈಗೆ ಒಪ್ಪಿಸಬೇಕಾಯಿತು. ಒಂದು ಸೈನ್ಯವನ್ನು ಸಾಕಲು ಒಂದು ಸೀಮೆಯನ್ನೇ ಬಿಟ್ಟುಕೊಟ್ಟಂತಾಯಿತು. 1903ರಲ್ಲಿ ಈ ದಳಗಳು ಭಾರತೀಯ ಸೇನೆಯೊಳಗೆ ಬಂದವು. 94ರಿಂದ 99ರವರೆಗಿನ ಅಂಕಿಗಳನ್ನು ಹೊತ್ತು ರಸೆಲ್, ಬೇರಾರ್, ಡೆಕ್ಕನ್ ಎಂಬ ಹೆಸರುಗಳಲ್ಲಿ ನಡೆದವು. ಮೊದಲ ಮಹಾಯುದ್ಧದ ನಂತರ ಸೇನೆಯನ್ನು ಹೊಸದಾಗಿ ಜೋಡಿಸಿದಾಗ ಎಲ್ಲವೂ ಸೇರಿ 19ನೇ ಹೈದರಾಬಾದ್ ರೆಜಿಮೆಂಟ್ ಆಯಿತು. 1917ರಲ್ಲಿ ರಾಣಿಖೇತಿನಲ್ಲಿ ಹುಟ್ಟಿದ್ದ ಕುಮಾಊಂ ರೈಫಲ್ಸ್ ಪಡೆಯೂ ಇದರ ಭಾಗವಾಯಿತು.

ಕಾಲ ಕಳೆದಂತೆ ಹೆಸರು ಹೈದರಾಬಾದಿನದಾಗಿ ಉಳಿಯಿತು, ಜವಾನರು ಮಾತ್ರ ಕುಮಾಊಂ ಬೆಟ್ಟಗಳಿಂದಲೂ ಉತ್ತರದ ಬಯಲಿನ ಅಹೀರರು ಹಾಗೂ ಜಾಟರಿಂದಲೂ ಬರತೊಡಗಿದರು. ಕೊನೆಗೆ 1945ರ ಅಕ್ಟೋಬರ್ 27ರಂದು ಹೆಸರು ಕುಮಾಊಂ ರೆಜಿಮೆಂಟ್ ಎಂದು ಬದಲಾಯಿತು. ಸ್ವಾತಂತ್ರ್ಯದ ನಂತರ ಅದರ ಕೇಂದ್ರ ಆಗ್ರಾದಿಂದ ರಾಣಿಖೇತಿಗೆ ಹೋಯಿತು. ದೇವದಾರು ಮರಗಳ ನಡುವೆ ಇರುವ ಆ ಊರಿಗೆ ನಾನು ನೌಕರಿಯ ಕಾಲದಲ್ಲಿ ಒಮ್ಮೆ ಹೋಗಿದ್ದೆ. ಆಕಾಶ ತಿಳಿಯಾಗಿದ್ದರೆ ನಂದಾದೇವಿಯ ಹಿಮಶಿಖರ ಕಾಣುತ್ತದೆ.

ಈಗ ಲಾಂಛನದ ವಿಷಯ. ಕುಮಾಊಂ ಜವಾನನ ಟೋಪಿಯ ಮೇಲೆ ಹಿಂಗಾಲಿನ ಮೇಲೆ ಎದ್ದು ನಿಂತಂತೆ ಮುಂಗಾಲು ಎತ್ತಿದ ಸಿಂಹವಿದೆ. ಆದರೆ ಅದು ಪೂರ್ತಿ ಸಿಂಹವಲ್ಲ, ತಲೆಯಿಂದ ಸೊಂಟದವರೆಗಿನ ಅರ್ಧ ಸಿಂಹ. ಅದರ ಪಂಜದಲ್ಲಿ ಒಂದು ಶಿಲುಬೆ ಇದೆ. ಯುರೋಪಿನಲ್ಲಿ ದೊಡ್ಡ ಮನೆತನಗಳಿಗೆ ಒಂದೊಂದು ಕುಲಲಾಂಛನ ಇರುತ್ತಿತ್ತು. ನಮ್ಮ ಹೊಯ್ಸಳರಿಗೆ ಹುಲಿಯೊಡನೆ ಸೆಣಸುವ ಸಳ, ವಿಜಯನಗರಕ್ಕೆ ವರಾಹ, ಮೈಸೂರಿಗೆ ಗಂಡಭೇರುಂಡ ಇದ್ದಂತೆ ಎಂದು ತಿಳಿದರೆ ಸಾಕು. ಅಲ್ಲಿ ಪ್ರಾಣಿ ಯಾವ ಭಂಗಿಯಲ್ಲಿದೆ, ಪೂರ್ತಿ ಇದೆಯೇ ಅರ್ಧ ಇದೆಯೇ, ಕೈಯಲ್ಲಿ ಏನು ಹಿಡಿದಿದೆ ಎಂಬ ಪ್ರತಿಯೊಂದಕ್ಕೂ ನಿಯಮ. ಎರಡು ಮನೆತನಗಳ ಲಾಂಛನ ಒಂದೇ ಆಗಬಾರದು. ಶಿಲುಬೆ ಹಿಡಿದ ಈ ಅರ್ಧ ಸಿಂಹ ರಸೆಲ್ ಮನೆತನದ್ದು. ತಾನು ಕಟ್ಟಿದ ಪಡೆಗೆ ಅವನ ಮನೆಯ ಗುರುತು ಬಂತು. ಅದರ ಜೊತೆಗಿರುವ ಧ್ಯೇಯವಾಕ್ಯ ಮಾತ್ರ ಸಂಸ್ಕೃತದ್ದು, ಪರಾಕ್ರಮೋ ವಿಜಯತೇ ಎಂದು. ಪರಾಕ್ರಮವೇ ಗೆಲ್ಲುತ್ತದೆ ಎಂಬುದು ಅದರ ಅರ್ಥ. ಯುದ್ಧಭೂಮಿಯಲ್ಲಿ ಕುಮಾಊಂನವರು ಕಾಳಿಕಾ ಮಾತೆಗೆ ಜಯಕಾರ ಹಾಕಿದರೆ ಅಹೀರರು ದಾದಾ ಕಿಶನನಿಗೆ ಹಾಕುತ್ತಾರೆ.

ಸಮವಸ್ತ್ರದೊಳಗಿನ ತಳಮಳ

ತಿಮ್ಮಯ್ಯನವರು ಈ ಬ್ಯಾಡ್ಜ್ ಧರಿಸಿದ ಕಾಲ ಎಂಥದ್ದೆಂದು ಇಂದಿನ ಮಕ್ಕಳು ತಿಳಿಯಬೇಕು. ಭಾರತೀಯರಿಗೆ ಅಧಿಕಾರಿಯ ಹುದ್ದೆ ಕೊಡಲು ಬ್ರಿಟಿಷರು ಒಪ್ಪಿದ್ದರೂ, ಒಬ್ಬ ಬ್ರಿಟಿಷ್ ಅಧಿಕಾರಿ ಭಾರತೀಯನ ಕೈಕೆಳಗೆ ದುಡಿಯುವ ಪ್ರಸಂಗ ಬರಬಾರದೆಂದು ಎಂಟೇ ಎಂಟು ಪಲ್ಟನ್ನುಗಳನ್ನು ಬೇರೆ ಮಾಡಿ, ಭಾರತೀಯ ಅಧಿಕಾರಿಗಳನ್ನೆಲ್ಲ ಅವುಗಳಿಗೆ ಹಾಕುತ್ತಿದ್ದರು. 4/19 ಹೈದರಾಬಾದ್ ಆ ಎಂಟರಲ್ಲಿ ಒಂದು. ಹೊರಗೆ ಗಾಂಧೀಜಿಯವರ ಚಳವಳಿ ನಡೆಯುತ್ತಿತ್ತು. ಒಳಗೆ ಇವರು ಅರಸನ ಸಮವಸ್ತ್ರ ತೊಟ್ಟಿದ್ದರು. ಅಲಹಾಬಾದಿನಲ್ಲಿದ್ದಾಗ ಅವರಿಗೆ ಮೋತಿಲಾಲ್ ನೆಹರೂ ಅವರ ಪರಿಚಯವಾಯಿತು. ನಾವು ಭಾರತೀಯ ಅಧಿಕಾರಿಗಳು ರಾಜೀನಾಮೆ ಕೊಡಬೇಕೇ ಎಂಬ ಪ್ರಶ್ನೆಗೆ ಮೋತಿಲಾಲರು, ಬೇಡ, ಕೆಲಸ ಕಲಿಯಿರಿ, ಸ್ವಾತಂತ್ರ್ಯ ಬಂದ ದಿನ ದೇಶಕ್ಕೆ ನಿಮ್ಮಂಥವರು ಬೇಕಾಗುತ್ತಾರೆ ಎಂಬ ಅರ್ಥದ ಸಲಹೆ ಕೊಟ್ಟರೆಂದು ತಿಮ್ಮಯ್ಯನವರ ಜೀವನಚರಿತ್ರೆಯಲ್ಲಿ ಬರುತ್ತದೆ. ಆ ಸಲಹೆ ಎಷ್ಟು ದೂರದೃಷ್ಟಿಯದು ಎಂಬುದು 1947ರಲ್ಲಿ ತಿಳಿಯಿತು.

1935ರ ಜನವರಿಯಲ್ಲಿ ಕೊಡಗಿನವರೇ ಆದ ನೀನಾ ಅವರೊಡನೆ ವಿವಾಹವಾಯಿತು. ಅದೇ ವರ್ಷ ಮೇ 31ರಂದು ಕ್ವೆಟ್ಟಾ ನಗರದಲ್ಲಿ ಭಾರಿ ಭೂಕಂಪ. ಹತ್ತಾರು ಸಾವಿರ ಜನ ಸತ್ತರು. ಅಲ್ಲಿದ್ದ ಹೊಸ ದಂಪತಿ ಗಾಯಾಳುಗಳ ಸೇವೆಗೆ ನಿಂತರು. ಆ ಸೇವೆಗಾಗಿ ನೀನಾ ಅವರಿಗೆ ಕೈಸರ್-ಇ-ಹಿಂದ್ ಪದಕ ಬಂತು. ಅತ್ತೆ ಸೊಸೆ ಇಬ್ಬರಿಗೂ ಒಂದೇ ಪದಕ ಬಂದ ಮನೆಗಳು ಎಷ್ಟಿರಬಹುದು?

ಎರಡನೇ ಮಹಾಯುದ್ಧ ಈ ಮನೆಯನ್ನು ಎರಡಾಗಿ ಸೀಳಿತು. 4/19 ಹೈದರಾಬಾದ್ 1939ರಲ್ಲೇ ಸಿಂಗಾಪುರಕ್ಕೆ ಹೋಗಿತ್ತು, ತಿಮ್ಮಯ್ಯನವರೂ ಜೊತೆಗಿದ್ದರು. ಜಪಾನಿಯರು ಮಲಯಾಕ್ಕೆ ಇಳಿಯುವ ಮೊದಲೇ, ಹೊಸ ಬೆಟಾಲಿಯನ್ ಕಟ್ಟುವ ಕೆಲಸಕ್ಕಾಗಿ ಅವರು ಭಾರತಕ್ಕೆ ಮರಳಿದರು. ಹಿಂದೆ ಉಳಿದ ಸಂಗಾತಿಗಳ ಮೇಲೆ 1942ರ ಜನವರಿ 7ರಂದು ಸ್ಲಿಮ್ ನದಿಯ ಹತ್ತಿರ ಜಪಾನಿ ಟ್ಯಾಂಕುಗಳು ಎರಗಿದವು. ಫೆಬ್ರುವರಿ 15ರಂದು ಸಿಂಗಾಪುರ ಶರಣಾಯಿತು, ಅಳಿದುಳಿದವರು ಸೆರೆಯಾದರು. ತಾನು ಹದಿನೈದು ವರ್ಷ ಬದುಕಿದ ಪಲ್ಟನ್ ಒಂದೇ ಋತುವಿನಲ್ಲಿ ಇಲ್ಲವಾದಾಗ ಆ ಅಧಿಕಾರಿಗೆ ಏನನ್ನಿಸಿರಬೇಕೆಂದು ಸಮವಸ್ತ್ರ ತೊಟ್ಟವರಿಗೆ ಗೊತ್ತು. ಅವರ ಅಣ್ಣ ಪೊನ್ನಪ್ಪನವರು ನೇತಾಜಿಯವರ ಆಜಾದ್ ಹಿಂದ್ ಫೌಜ್ ಸೇರಿದರು. ತಮ್ಮ ಬ್ರಿಟಿಷ್ ಭಾರತದ ಸೇನೆಯಲ್ಲಿ ಬರ್ಮಾದತ್ತ ನಡೆದರು. ಒಂದೇ ತಾಯಿಯ ಮಕ್ಕಳು, ಇಬ್ಬರ ಮನಸ್ಸಿನಲ್ಲಿಯೂ ಇದ್ದುದು ಒಂದೇ ದೇಶ, ಹಿಡಿದ ದಾರಿ ಬೇರೆ. ಯಾರು ಸರಿ ಎಂದು ತೀರ್ಪು ಕೊಡುವುದು ಸುಲಭವಲ್ಲ. ನನ್ನ ಮಟ್ಟಿಗೆ ಇಬ್ಬರಿಗೂ ಕೈಮುಗಿಯುತ್ತೇನೆ.

ಹೊಸದಾಗಿ ಕಟ್ಟಿದ 8/19 ಹೈದರಾಬಾದ್ ಬೆಟಾಲಿಯನ್ನಿನ ನಾಯಕತ್ವ ತಿಮ್ಮಯ್ಯನವರಿಗೆ ಬಂತು. 1945ರ ಆರಂಭದಲ್ಲಿ ಬರ್ಮಾದ ಅರಕಾನ್ ಕರಾವಳಿಯ ಕಂಗಾವ್ ಎಂಬಲ್ಲಿ 51ನೇ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳು ಜಪಾನಿಯರೊಡನೆ ಕಾದಾಡಿದವು. ಮೂರಕ್ಕೂ ಭಾರತೀಯರೇ ನಾಯಕರು: ತಿಮ್ಮಯ್ಯ, ಥೋರಾಟ್, ಎಲ್.ಪಿ. ಸೇನ್. ಮೂವರಿಗೂ ಡಿ.ಎಸ್.ಓ. ಎಂಬ ಶೌರ್ಯ ಪದಕ ಬಂತು. ಭಾರತೀಯರು ಯುದ್ಧದಲ್ಲಿ ನಾಯಕತ್ವ ವಹಿಸಲಾರರು ಎಂಬ ಹಳೆಯ ಮಾತು ಅಲ್ಲಿಗೆ ಮುಗಿಯಿತು. ಅನಂತರ ತಿಮ್ಮಯ್ಯನವರಿಗೆ 36ನೇ ಬ್ರಿಗೇಡನ್ನು ಒಪ್ಪಿಸಿದರು. ಆ ಮಹಾಯುದ್ಧದ ರಣರಂಗದಲ್ಲಿ ಪದಾತಿ ಬ್ರಿಗೇಡನ್ನು ನಡೆಸಿದ ಭಾರತೀಯ ಇವರೊಬ್ಬರೇ. ಜಪಾನಿಯರು ಸಿಂಗಾಪುರದಲ್ಲಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದಾಗ ಭಾರತೀಯ ಸೇನೆಯ ಪರವಾಗಿ ಅಲ್ಲಿದ್ದವರೂ ಇವರೇ. ಮೊದಲ ಪಲ್ಟನ್ ಸೆರೆಯಾದ ಊರಿನಲ್ಲಿಯೇ ಆ ಲೆಕ್ಕ ಚುಕ್ತಾ ಆಯಿತು. ಮುಂದೆ ಜಪಾನಿನಲ್ಲಿ 268ನೇ ಬ್ರಿಗೇಡಿನ ನಾಯಕರಾಗಿ ಕೆಲಕಾಲ ಇದ್ದರು.

ರೆಜಿಮೆಂಟಿನ ಯುದ್ಧಗೌರವಗಳ ಪಟ್ಟಿಯಲ್ಲಿ ಗೆದ್ದ ಕಂಗಾವ್ ಇದೆ, ಸೋತ ಸ್ಲಿಮ್ ನದಿಯೂ ಇದೆ. ಇದು ನಾವು ಗಮನಿಸಬೇಕಾದ ವಿಷಯ. ಸೋಲಿನಲ್ಲಿಯೂ ನಿಂತು ಹೋರಾಡಿದವರನ್ನು ಪಲ್ಟನ್ ಮರೆಯುವುದಿಲ್ಲ.

ಕಾಶ್ಮೀರ ಮತ್ತು ಜೋಜಿಲಾ

ಕುಮಾಊಂ ಹೆಸರು ಬಂದು ಸರಿಯಾಗಿ ಎರಡು ವರ್ಷಕ್ಕೆ, 1947ರ ಅಕ್ಟೋಬರ್ 27ರಂದು, ಭಾರತದ ಸೇನೆ ಶ್ರೀನಗರದ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಕೆಲವೇ ದಿನಗಳಲ್ಲಿ 4 ಕುಮಾಊಂ ಕೂಡ ಅಲ್ಲಿಗೆ ಹೋಯಿತು. ಬರ್ಮಾದಲ್ಲಿ ತಿಮ್ಮಯ್ಯನವರು ನಡೆಸಿದ್ದ 8/19 ಬೆಟಾಲಿಯನ್ನೇ ಈಗ ಆ ಹೆಸರು ಹೊತ್ತಿತ್ತು. ಅವರ ಕೈಕೆಳಗೆ ಬರ್ಮಾದಲ್ಲಿ ಪಳಗಿದ ಮೇಜರ್ ಸೋಮನಾಥ ಶರ್ಮರು ಎಡಗೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದರೂ ತಮ್ಮ ಕಂಪನಿಯೊಡನೆ ಹೊರಟರು. ನವೆಂಬರ್ 3ರಂದು ಬಡಗಾಮಿನಲ್ಲಿ ತಮಗಿಂತ ಎಷ್ಟೋ ಪಾಲು ಹೆಚ್ಚಿದ್ದ ದಾಳಿಕೋರರನ್ನು ತಡೆದು, ವಿಮಾನ ನಿಲ್ದಾಣವನ್ನು ಉಳಿಸಿ, ಅಲ್ಲೇ ಮಡಿದರು. ಸ್ವತಂತ್ರ ಭಾರತದ ಮೊದಲ ಪರಮವೀರ ಚಕ್ರ ಅವರದು.

1948ರಲ್ಲಿ ತಿಮ್ಮಯ್ಯನವರು ಮೇಜರ್ ಜನರಲ್ ಆಗಿ ಕಾಶ್ಮೀರ ಕಣಿವೆಯ ಹೊಣೆ ಹೊತ್ತರು. ಲಡಾಖಿನ ಲೇಹ್ ಪಟ್ಟಣ ಶತ್ರುವಿನ ಕೈಗೆ ಹೋಗುವ ಹಂತದಲ್ಲಿತ್ತು. ಹನ್ನೊಂದು ಸಾವಿರ ಅಡಿಗೂ ಎತ್ತರದ ಅಲ್ಲಿನ ಕಚ್ಚಾ ಮೈದಾನದಲ್ಲಿ ವಿಮಾನ ಇಳಿಸಬೇಕಿತ್ತು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟ ವಿಮಾನ ಹಾರಿಸಿದರು, ತಿಮ್ಮಯ್ಯನವರು ತಾವೇ ಅದರಲ್ಲಿ ಕುಳಿತು ಹೋದರು. ಜವಾನರನ್ನು ಕಳುಹಿಸುವ ಮೊದಲು ಜನರಲ್ ತಾನು ಹೋಗಿ ನೋಡಿ ಬಂದದ್ದು ಎಲ್ಲರಿಗೂ ಧೈರ್ಯ ಕೊಟ್ಟಿತು.

ಲೇಹ್‌ಗೆ ಭೂಮಾರ್ಗ ತೆರೆಯಬೇಕಾದರೆ ಜೋಜಿಲಾ ಕಣಿವೆ ದಾಟಬೇಕು. ಎತ್ತರ ಸುಮಾರು 11,500 ಅಡಿ. ಸೆಪ್ಟೆಂಬರಿನಲ್ಲಿ ಮಾಡಿದ ದಾಳಿ ಫಲಿಸಲಿಲ್ಲ. ಆಗ ಯಾರೂ ಊಹಿಸದ ಯೋಜನೆಯೊಂದು ಸಿದ್ಧವಾಯಿತು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲ್ಭಾಗ ಕಳಚಿ, ಟಾರ್ಪಾಲು ಮುಚ್ಚಿ, ಗುಟ್ಟಾಗಿ ಜಮ್ಮು ಕಡೆಯಿಂದ ಶ್ರೀನಗರಕ್ಕೆ ತಂದರು. ಬಾಲ್ತಾಲಿನಿಂದ ಮೇಲಕ್ಕೆ ಹೇಸರಗತ್ತೆ ಹೋಗುವ ಕಾಲುದಾರಿಯನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ನಮ್ಮ ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ ತರಬೇತಿ ಪಡೆದ ದಕ್ಷಿಣದ ತಂಬಿಗಳು, ಕೊರೆಯುವ ಚಳಿಯಲ್ಲಿ, ಗುಂಡಿನ ಎದುರಲ್ಲಿ ಬಂಡೆ ಒಡೆದು ದಾರಿ ಮಾಡಿಕೊಟ್ಟರು. ಈ ಕಥೆಯನ್ನು ನಮಗೆ ರಂಗರೂಟರಾಗಿದ್ದಾಗ ಹೇಳಿಕೊಡುತ್ತಿದ್ದರು.

ನವೆಂಬರ್ 1ರಂದು ಹಿಮ ಬೀಳುತ್ತಿದ್ದಂತೆ ಟ್ಯಾಂಕುಗಳು ಏರಿದವು. ತಿಮ್ಮಯ್ಯನವರು ಹಿಂದೆ ಉಳಿಯದೆ ಮುಂಚೂಣಿಯ ಟ್ಯಾಂಕಿನಲ್ಲಿಯೇ ಇದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕು ಬರುತ್ತದೆಂದು ಕನಸಿನಲ್ಲಿಯೂ ಎಣಿಸದ ಶತ್ರು ಕಂಗೆಟ್ಟು ಓಡಿದನು. ನಡು ನವೆಂಬರಿಗೆ ದ್ರಾಸ್, ಅದೇ ತಿಂಗಳ ಕೊನೆಯ ವಾರದೊಳಗೆ ಕಾರ್ಗಿಲ್ ಕೈಸೇರಿದವು. ಲಡಾಖ್ ಉಳಿಯಿತು. ಕಾಶ್ಮೀರದ ಆ ಕಾರ್ಯಾಚರಣೆಯಲ್ಲಿಯೇ ತಿಮ್ಮಯ್ಯನವರ ತಮ್ಮ ಸೋಮಯ್ಯನವರು ನೆಲಬಾಂಬಿಗೆ ಸಿಕ್ಕಿ ಪ್ರಾಣ ಬಿಟ್ಟರು. ಗೆಲುವಿನ ಬೆಲೆಯನ್ನು ಆ ಮನೆಯೂ ತೆತ್ತಿತು.

ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಸ್ವಾತಂತ್ರ್ಯ ದಿನಾಚರಣೆಯಂದು ನಮ್ಮ ಶಾಲೆಯಲ್ಲಿ ಮಾತನಾಡಲು ಮುಖ್ಯೋಪಾಧ್ಯಾಯರು ನನ್ನನ್ನು ಕರೆದಿದ್ದರು. ಈ ಲಾಂಛನದ ಕಥೆ ಹೇಳಿದ ಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಬ್ರಿಟಿಷರು ಹೋದ ಮೇಲೂ ಬ್ರಿಟಿಷನೊಬ್ಬನ ಮನೆಯ ಗುರುತನ್ನು ನಮ್ಮ ಸೈನಿಕರು ತಲೆಯ ಮೇಲೆ ಏಕೆ ಹೊರಬೇಕು ಸಾರ್ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅವಳಿಗೆ ಅಂದು ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಸ್ವತಂತ್ರ ಭಾರತ ಎಲ್ಲವನ್ನೂ ಹಾಗೆಯೇ ಇಟ್ಟುಕೊಳ್ಳಲಿಲ್ಲ. ಗಣರಾಜ್ಯವಾದಾಗ ಅಧಿಕಾರಿಗಳ ಭುಜದ ಮೇಲಿದ್ದ ಬ್ರಿಟಿಷ್ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು. ಪಲ್ಟನ್ನುಗಳ ಹೆಸರಿನಲ್ಲಿದ್ದ ರಾಯಲ್ ಎಂಬ ಪದ ಹೋಯಿತು. ಅರಸನ ಹೆಸರಿನ ಧ್ವಜಗಳನ್ನು 1950ರಲ್ಲಿ ಡೆಹ್ರಾಡೂನಿನ ಸೈನಿಕ ಅಕಾಡೆಮಿಯ ಚೆಟ್ವುಡ್ ಸಭಾಂಗಣದಲ್ಲಿ ಗೌರವದಿಂದ ಇಟ್ಟುಬಿಟ್ಟರು. ರಸೆಲ್ ಬ್ರಿಗೇಡ್ 1817ರಲ್ಲಿ ಮಹಿದ್‌ಪುರದಲ್ಲಿ ಹೋಳ್ಕರರ ಸೈನ್ಯದ ಮೇಲೆ ಹೋರಾಡಿತ್ತು. ಇಂಥ, ನಮ್ಮವರ ಮೇಲೆಯೇ ಗೆದ್ದ ಯುದ್ಧಗಳನ್ನು ಹಬ್ಬವಾಗಿ ಆಚರಿಸುವುದನ್ನು ಬಿಟ್ಟರು. ಅಂದರೆ ಯಾವುದು ಅರಸನಿಗೆ ಸೇರಿತ್ತೋ ಅದು ಹೋಯಿತು.

ಅರ್ಧ ಸಿಂಹ ಮಾತ್ರ ಉಳಿಯಿತು. ಅಷ್ಟು ಹೊತ್ತಿಗೆ ಅದು ರಸೆಲ್‌ನದಾಗಿ ಉಳಿದಿರಲಿಲ್ಲ ಎಂಬುದು ನನ್ನ ತಿಳಿವಳಿಕೆ. ಸ್ಲಿಮ್ ನದಿಯಲ್ಲಿ, ಕಂಗಾವ್‌ನಲ್ಲಿ, ಬಡಗಾಮಿನಲ್ಲಿ ಸತ್ತ ಜವಾನರ ಟೋಪಿಯ ಮೇಲೆ ಇದ್ದುದು ಅದೇ. 1962ರ ನವೆಂಬರ್ 18ರಂದು 16,000 ಅಡಿಗೂ ಎತ್ತರದ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗರ ನಾಯಕತ್ವದಲ್ಲಿ 13 ಕುಮಾಊಂನ ಅಹೀರ್ ಕಂಪನಿ ಚೀನೀಯರನ್ನು ಎದುರಿಸಿತು. ಸುಮಾರು 120 ಮಂದಿಯಲ್ಲಿ ನೂರಕ್ಕೂ ಹೆಚ್ಚು ಜನ ಬಂಕರುಗಳಲ್ಲೇ ಪ್ರಾಣ ಕೊಟ್ಟರು. ಅವರ ಗುರುತೂ ಅದೇ. ಮನೆ ಕಟ್ಟಿಸಿದವನು ಯಾರೇ ಇರಲಿ, ಅದರಲ್ಲಿ ಹುಟ್ಟಿ ಬಾಳಿ ಸತ್ತವರದೇ ಆ ಮನೆ.

ಆ ರೆಜಿಮೆಂಟಿನ ಕರ್ನಲ್ ಎಂಬ ಗೌರವ ಸ್ಥಾನ ತಿಮ್ಮಯ್ಯನವರಿಗೆ ಬಂತು. ಇದು ಹಳ್ಳಿಯಲ್ಲಿ ಮನೆತನದ ಹಿರಿಯನ ಸ್ಥಾನ ಇದ್ದಂತೆ. ಸಂಪ್ರದಾಯ, ಕ್ಷೇಮ, ನಿವೃತ್ತರ ಕಷ್ಟಸುಖ ಎಲ್ಲಕ್ಕೂ ಅವನೇ ದೊಡ್ಡವನು. ಈ ಒಂದು ರೆಜಿಮೆಂಟ್ ಸೇನೆಗೆ ಮೂವರು ಮುಖ್ಯಸ್ಥರನ್ನು ಕೊಟ್ಟಿದೆ: ಶ್ರೀನಾಗೇಶ್, ತಿಮ್ಮಯ್ಯ, ರೈನಾ. ಇವರಲ್ಲಿ ಜನರಲ್ ಶ್ರೀನಾಗೇಶರು ಮುಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದರು.

ಕೊರಿಯಾದಲ್ಲಿ ನ್ಯಾಯದ ತಕ್ಕಡಿ

1953ರಲ್ಲಿ ಕೊರಿಯಾ ಯುದ್ಧ ನಿಂತಾಗ ಕೈದಿಗಳ ಪ್ರಶ್ನೆ ಉಳಿಯಿತು. ಚೀನಾ ಮತ್ತು ಉತ್ತರ ಕೊರಿಯಾದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸೆರೆಯಾಳುಗಳು ಊರಿಗೆ ಮರಳಲು ಒಲ್ಲೆನೆಂದಿದ್ದರು. ಆ ಕಡೆಯೂ ಕೆಲವು ನೂರು ಮಂದಿ ಹಾಗೆಯೇ ಹೇಳಿದ್ದರು. ಇದನ್ನು ಬಗೆಹರಿಸಲು ಐದು ತಟಸ್ಥ ದೇಶಗಳ ಆಯೋಗ ರಚನೆಯಾಗಿ, ತಿಮ್ಮಯ್ಯನವರು ಅದರ ಅಧ್ಯಕ್ಷರಾದರು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ವಾಲಿದರೆ, ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ಭಾರತ. ಕೈದಿಗಳನ್ನು ಕಾಯಲು ಹೋದ ಭಾರತೀಯ ಪಡೆಗೆ ಕಂಗಾವ್‌ನ ಹಳೆಯ ಗೆಳೆಯ ಥೋರಾಟರೇ ನಾಯಕರು. ಬಂದೂಕು ಹಿಡಿದು ಕಲಿತವರು ಅಲ್ಲಿ ಬಂದೂಕು ಬಳಸದೆ, ಎರಡೂ ಕಡೆಯವರ ಬೈಗುಳ ಕೇಳಿಕೊಂಡು, ಯಾರನ್ನೂ ಬಲವಂತದಿಂದ ಎಳೆಯದೆ, 1954ರ ಜನವರಿಯವರೆಗೆ ಕೆಲಸ ಮುಗಿಸಿದರು. ಅದೇ ವರ್ಷ ತಿಮ್ಮಯ್ಯನವರಿಗೆ ಪದ್ಮಭೂಷಣ ಬಂತು.

ಸೇನಾ ಮುಖ್ಯಸ್ಥ, ರಾಜೀನಾಮೆ

1957ರ ಮೇ ತಿಂಗಳಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. ಕಾರ್ಯಪ್ಪನವರ ನಂತರ ಕೊಡಗಿಗೆ ಎರಡನೇ ಬಾರಿ ಆ ಗೌರವ. ಆದರೆ ಆ ನಾಲ್ಕು ವರ್ಷ ಸುಖದವಲ್ಲ. ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್ ಅವರಿಗೂ ಇವರಿಗೂ ಬಡ್ತಿ ಮೊದಲಾದ ವಿಷಯಗಳಲ್ಲಿ ಹೊಂದಲಿಲ್ಲ. ಉತ್ತರದ ಗಡಿಯಲ್ಲಿ ಚೀನಾದ ಚಲನವಲನ ಹೆಚ್ಚುತ್ತಿತ್ತು. 1959ರ ಆಗಸ್ಟಿನಲ್ಲಿ ಲೋಂಗ್‌ಜುವಿನ ಠಾಣೆಯ ಮೇಲೆ ದಾಳಿಯೂ ಆಯಿತು. ಅದೇ ತಿಂಗಳ ಕೊನೆಗೆ ತಿಮ್ಮಯ್ಯನವರು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಅವರು ಕರೆಸಿ ಮಾತನಾಡಿ ಒಪ್ಪಿಸಿದ ಮೇಲೆ ಹಿಂತೆಗೆದುಕೊಂಡರು. ಆದರೆ ಸಂಸತ್ತಿನಲ್ಲಿ ನೆಹರೂ ಅವರು ಆಡಿದ ಮಾತು ಸೇನಾ ಮುಖ್ಯಸ್ಥನ ಪರವಾಗಿರಲಿಲ್ಲ.

ಕೊಟ್ಟದ್ದು ತಪ್ಪು ಎಂದವರಿದ್ದಾರೆ, ಹಿಂತೆಗೆದುಕೊಂಡದ್ದು ತಪ್ಪು ಎಂದವರೂ ಇದ್ದಾರೆ. ನಮ್ಮ ಅಕ್ಕಪಕ್ಕದ ಎಷ್ಟೋ ದೇಶಗಳಲ್ಲಿ ಇಂಥ ಸಂದರ್ಭದಲ್ಲಿ ಸೇನಾಪತಿಗಳು ಸರ್ಕಾರವನ್ನೇ ಉರುಳಿಸಿದ್ದಾರೆ. ತಿಮ್ಮಯ್ಯನವರು ಜವಾನರಿಗೆ ದೇವರ ಸಮಾನರಾಗಿದ್ದರು, ಜನಪ್ರಿಯತೆಗೆ ಕೊರತೆ ಇರಲಿಲ್ಲ. ಆದರೂ ಅವರು ಹಿಡಿದದ್ದು ಒಂದು ಹಾಳೆ ಕಾಗದ ಮತ್ತು ಲೇಖನಿ. ಪ್ರಧಾನಿ ಬೇಡವೆಂದಾಗ ಅದನ್ನೂ ಮಡಚಿ ಇಟ್ಟು, ತಮ್ಮ ಮಾನಕ್ಕಾದ ನೋವನ್ನು ನುಂಗಿ, 1961ರ ಮೇ ತಿಂಗಳವರೆಗೆ ಕೆಲಸ ಮಾಡಿದರು. ಜನ ಆರಿಸಿದ ಸರ್ಕಾರದ ಕೆಳಗೆ ಸೈನ್ಯ ಎಂಬ ನಿಯಮ ನಮ್ಮ ದೇಶದಲ್ಲಿ ಗಟ್ಟಿಯಾದದ್ದು ಇಂಥವರ ಸಂಯಮದಿಂದ. ಅವರು ನಿವೃತ್ತರಾಗಿ ಒಂದೂವರೆ ವರ್ಷಕ್ಕೆ ಚೀನಾ ಯುದ್ಧ ಬಂತು. ಅದರ ಕಹಿಯನ್ನು ಅವರು ಕೊಡಗಿನಲ್ಲಿ ಕುಳಿತು ಉಣ್ಣಬೇಕಾಯಿತು. ರೆಜಾಂಗ್ ಲಾದಲ್ಲಿ ಮಡಿದವರು ಅವರ ಸ್ವಂತ ರೆಜಿಮೆಂಟಿನವರು.

ಸೈಪ್ರಸ್‌ನಲ್ಲಿ ಕೊನೆ

1964ರಲ್ಲಿ ವಿಶ್ವಸಂಸ್ಥೆ ಮತ್ತೆ ಅವರನ್ನು ಕರೆಯಿತು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಹೊತ್ತಿದ್ದ ಬೆಂಕಿಯನ್ನು ಆರಿಸುವ ಶಾಂತಿಪಡೆಗೆ ಅವರು ದಂಡನಾಯಕರಾದರು. ಅಲ್ಲಿಯೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 59. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದರು. ಸೈಪ್ರಸ್ ಸರ್ಕಾರ ಮರುವರ್ಷ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಅಲ್ಲಿನ ಲಾರ್ನಾಕಾ ಪಟ್ಟಣದಲ್ಲಿ ಅವರ ಹೆಸರಿನ ರಸ್ತೆಯೂ ಇದೆ. ಜಗಳವಾಡುತ್ತಿದ್ದ ಎರಡೂ ಪಂಗಡಗಳು ಮೂರನೆಯವನೊಬ್ಬನನ್ನು ಗೌರವಿಸಿದರೆ ಅವನು ನ್ಯಾಯವಾಗಿ ನಡೆದುಕೊಂಡನೆಂದೇ ಅರ್ಥ.

ಮಡಿಕೇರಿಯಲ್ಲಿ ಅವರು ಬೆಳೆದ ಸನ್ನಿ ಸೈಡ್ ಎಂಬ ಮನೆ ಬಹಳ ವರ್ಷ ಸರ್ಕಾರಿ ಕಚೇರಿಯಾಗಿತ್ತು. ಈಗ ಅದನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. 2021ರ ಫೆಬ್ರುವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಅದನ್ನು ಉದ್ಘಾಟಿಸಿದರು. ನಮ್ಮ ಶಾಲೆಯಿಂದ ಪ್ರತಿ ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಶಿಕ್ಷಕ ಮಿತ್ರರಲ್ಲಿ ನನ್ನದೊಂದು ಕೋರಿಕೆ ಇದೆ. ರಾಜಾಸೀಟಿಗೂ ಅಬ್ಬಿ ಜಲಪಾತಕ್ಕೂ ಹೋಗುವಾಗ ಅರ್ಧ ದಿನವನ್ನು ಆ ಮನೆಗೂ ಮೀಸಲಿಡಿ.

ಸೈನ್ಯ ಸೇರಬೇಕೆಂದಿರುವ ಹುಡುಗರೂ ಹುಡುಗಿಯರೂ ನಮ್ಮೂರಿನಲ್ಲಿ ಈಗಲೂ ಬೆಳಗಿನ ಜಾವ ರಸ್ತೆಯಲ್ಲಿ ಓಡುವುದನ್ನು ಕಾಣುತ್ತೇನೆ. ಅವರ ತಂದೆತಾಯಿಯರ ಆತಂಕವೂ ನನಗೆ ಗೊತ್ತು. ಎಲ್ಲರೂ ಜನರಲ್ ಆಗುವುದಿಲ್ಲ, ಎಲ್ಲರೂ ಸೈನ್ಯಕ್ಕೇ ಹೋಗಬೇಕೆಂದೂ ಇಲ್ಲ. ಎಲ್ಲಿಗೆ ಹೋದರೂ ಮೊದಲು ಕೆಲಸ ಕಲಿಯುವುದು, ಇತರರನ್ನು ಕಳುಹಿಸುವ ದಾರಿಯಲ್ಲಿ ತಾನು ಮುಂದೆ ನಡೆಯುವುದು, ಒಪ್ಪದ ಮಾತನ್ನು ಕಾನೂನಿನ ಒಳಗೆ ನಿಂತು ನೇರವಾಗಿ ಹೇಳುವುದು, ಈ ಮೂರನ್ನು ತಿಮ್ಮಯ್ಯನವರ ಜೀವನದಿಂದ ತೆಗೆದುಕೊಂಡರೆ ಸಾಕು. ಐವತ್ತು ವರ್ಷ ತುಂಬಿದ ನಮ್ಮ ಶಾಲೆಗೂ ಒಂದು ಲಾಂಛನವಿದೆ. ಪುಸ್ತಕ, ದೀಪ ಮತ್ತು ಭತ್ತದ ತೆನೆ. ಅದನ್ನು ಬರೆದವರು ಯಾರೇ ಆಗಿರಲಿ, ಅದಕ್ಕೆ ಅರ್ಥ ಬರುವುದು ಇಲ್ಲಿಂದ ಹೊರಟವರು ಹೇಗೆ ಬದುಕುತ್ತಾರೆ ಎಂಬುದರಿಂದ.